ಕಾಗದ ಮನೆಯಲ್ಲಿರಲಿ, ಕೀಲಿ ಬದಲಾಗಲಿ

ಹಳೆಯ ಕಂಪ್ಯೂಟರಿನಲ್ಲಿ ಔಟ್‌ಲುಕ್ 2010 ತೆರೆದು ತಮ್ಮ ಜಿಮೇಲ್ ಖಾತೆ ಸೇರಿಸಲು ಹೊರಟವರಿಗೆ ಒಂದು ಪುಟ್ಟ ಚೌಕ ಚೆನ್ನಾಗಿ ಗೊತ್ತಿರುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಎಂಬ ಎರಡೇ ಖಾನೆ ಅದರಲ್ಲಿ. ಪಾಸ್‌ವರ್ಡ್ ಹಾಕಿ ಓಕೆ ಒತ್ತಿದರೆ ಮಾಯವಾಗುತ್ತದೆ. ಎರಡು ಕ್ಷಣ ಕಳೆದು ಮತ್ತೆ ಎದುರಿಗೆ ನಿಲ್ಲುತ್ತದೆ. ಒಂದೊಂದೇ ಅಕ್ಷರ ನೋಡಿಕೊಂಡು ಬರೆದರೂ ಅಷ್ಟೇ. ಅದೇ ಪಾಸ್‌ವರ್ಡ್ ಬ್ರೌಸರಿನಲ್ಲಿ ಸಲೀಸಾಗಿ ನಡೆಯುತ್ತದೆ. ಇಂಥ ಹೊತ್ತಿನಲ್ಲಿ ಕೆಲವರು ತಮಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಕೈಬಿಡುತ್ತಾರೆ, ಕೆಲವರು ತಂತ್ರಾಂಶ ಕೆಟ್ಟಿದೆ ಎಂದು ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಆಚೆ ಬದಿಯ ಸರ್ವರ್ ತನ್ನ ಬೀಗ ಬದಲಾಯಿಸಿಕೊಂಡಿದೆ, ಈಚೆಯ ತಂತ್ರಾಂಶಕ್ಕೆ ಆ ಸುದ್ದಿ ತಿಳಿಯುವ ದಾರಿಯಿಲ್ಲ. ಇಲ್ಲಿ ಪತ್ರ, ಪತ್ರ ತರುವ ತಂತ್ರಾಂಶ, ಬಾಗಿಲು ತೆರೆಯುವ ಕೀಲಿ ಎಂಬ ಮೂರು ಬೇರೆ ಬೇರೆ ವಸ್ತುಗಳಿವೆ. ನಾವು ಮೂರನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ಗೊಂದಲ. ಕೀಲಿ ಬದಲಾದದ್ದು ನ್ಯಾಯವಾಗಿಯೇ ಇದೆ. ತಂತ್ರಾಂಶ ಹಳತಾದರೆ ಬಿಡಬಹುದು. ಆದರೆ ನಮ್ಮ ಪತ್ರಗಳ ಒಂದು ಪ್ರತಿ ನಮ್ಮ ಮನೆಯ ಕಂಪ್ಯೂಟರಿನಲ್ಲೇ ಇರಬೇಕೆಂಬ ಹಳೆಯ ಪದ್ಧತಿಯನ್ನು ಬಿಡಬಾರದು. ನನ್ನ ವಾದ ಇಷ್ಟೇ.

ಆ ಪದ್ಧತಿ ಎಲ್ಲಿಂದ ಬಂತು ಎಂದು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಫೋನಿನ ತಂತಿಯಲ್ಲೇ ಸಂಪರ್ಕ, ಆನ್‌ಲೈನ್ ಇದ್ದಷ್ಟು ಹೊತ್ತಿಗೂ ಲೆಕ್ಕ, ಅಷ್ಟು ಹೊತ್ತು ಮನೆಗೆ ಬೇರೆ ಕರೆ ಬರುವಂತಿಲ್ಲ. ಬಂದ ಪತ್ರಗಳನ್ನೆಲ್ಲ ಒಂದೇ ಬಾರಿಗೆ ಇಳಿಸಿಕೊಂಡು, ತಂತಿ ಬಿಡಿಸಿ, ಆಮೇಲೆ ನಿಧಾನವಾಗಿ ಓದಿ ಉತ್ತರ ಬರೆದಿಟ್ಟುಕೊಳ್ಳುವುದೇ ಆಗ ಜಾಣತನ. ಹೊರದೇಶಗಳಲ್ಲಿ ಈ ಕೆಲಸಕ್ಕೆಂದೇ ತಂತ್ರಾಂಶಗಳು ಅದಕ್ಕೂ ಮೊದಲೇ ಹುಟ್ಟಿದ್ದವು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ 1988ರಲ್ಲಿ ಯುಡೋರಾ ಬರೆದರು. ಅಂಚೆ ಕಚೇರಿಯಲ್ಲೇ ವಾಸಕ್ಕೆ ಹೋಗುವ ಹೆಣ್ಣೊಬ್ಬಳ ಕಥೆ ಬರೆದ ಲೇಖಕಿ ಯುಡೋರಾ ವೆಲ್ಟಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಮುಂದೆ ವಿಂಡೋಸ್ ಜೊತೆಗೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಕೋಟ್ಯಂತರ ಮನೆಗಳ ಅಂಚೆಪೆಟ್ಟಿಗೆಯಾಯಿತು. ಇದಕ್ಕೆ ಎದುರಾದ ಇನ್ನೊಂದು ಆಲೋಚನೆಗೆ ಬೆಂಗಳೂರಿನ ನಂಟಿದೆ. ಇಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದರು. ಪತ್ರ ಸರ್ವರ್‌ನಲ್ಲೇ ಇರಲಿ, ಓದುವವರು ಯಾವ ಊರಿನ ಯಾವ ಕಂಪ್ಯೂಟರಿನಿಂದಲಾದರೂ ಬಂದು ಓದಲಿ ಎಂಬುದು ಅದರ ಹುರುಳು. ಸೈಬರ್ ಕೆಫೆಗಳ ನಮ್ಮ ನಾಡಿಗೆ ಅದು ಹೇಳಿಮಾಡಿಸಿದಂತಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಜಾಗ ಕೊಟ್ಟ ಮೇಲಂತೂ ಪತ್ರ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ ಎಂದು ಬಹುಪಾಲು ಜನಕ್ಕೆ ಅನ್ನಿಸಿತು.

ಪತ್ರ ಇಳಿಸಿಕೊಳ್ಳುವ ಹಳೆಯ ಕ್ರಮದ ಹೆಸರು ಪಾಪ್, ಅಂದರೆ ಪೋಸ್ಟ್ ಆಫೀಸ್ ಪ್ರೋಟೊಕಾಲ್. ಇಂದಿಗೂ ಬಳಕೆಯಲ್ಲಿರುವ ಅದರ ಮೂರನೆಯ ಆವೃತ್ತಿಯ ನಿಯಮಗಳು 1996ರಲ್ಲಿ ಸ್ಥಿರವಾದವು. ಹತ್ತಿರದಿಂದ ನೋಡಿದರೆ ಅದು ಎರಡು ಯಂತ್ರಗಳ ನಡುವಿನ ಚುಟುಕು ಮಾತುಕತೆ. ನಮ್ಮ ತಂತ್ರಾಂಶ 'ಯೂಸರ್' ಎಂದು ಹೇಳಿ ಹೆಸರು ಕೊಡುತ್ತದೆ, 'ಪಾಸ್' ಎಂದು ಹೇಳಿ ಪಾಸ್‌ವರ್ಡ್ ಕೊಡುತ್ತದೆ. ಸರ್ವರ್ ಒಪ್ಪಿದರೆ 'ಓಕೆ' ಎನ್ನುತ್ತದೆ. 'ಸ್ಟ್ಯಾಟ್' ಎಂದು ಕೇಳಿದರೆ ಎಷ್ಟು ಪತ್ರ ಬಂದಿವೆ, ಒಟ್ಟು ಎಷ್ಟು ಗಾತ್ರ ಎಂದು ತಿಳಿಸುತ್ತದೆ. 'ರೆಟ್ರ್' ಎಂದು ಪತ್ರದ ಸಂಖ್ಯೆ ಹೇಳಿದರೆ ಆ ಪತ್ರ ಪೂರ್ತಿ ಇಳಿದು ಬರುತ್ತದೆ. 'ಡೆಲೆ' ಎಂದರೆ ಅಳಿಸು ಎಂದು ಗುರುತು ಬೀಳುತ್ತದೆ. ನಿಜವಾಗಿ ಅಳಿಸುವುದು ಮಾತ್ರ ಕೊನೆಯಲ್ಲಿ 'ಕ್ವಿಟ್' ಎಂದು ಹೇಳಿ ಹೊರಟ ಮೇಲೆ. ನಡುವೆ ತಂತಿ ಕಡಿದುಹೋದರೆ ಪತ್ರಗಳು ಸರ್ವರ್‌ನಲ್ಲೇ ಉಳಿಯುತ್ತವೆ. ಮಾತುಮಾತಿಗೆ ಕಡಿಯುತ್ತಿದ್ದ ಫೋನ್ ಸಂಪರ್ಕದ ಕಾಲದಲ್ಲಿ ಒಂದು ಪತ್ರವೂ ಕಳೆಯಬಾರದೆಂದು ಯೋಚಿಸಿ ಇಟ್ಟ ನಿಯಮ ಇದು. ಆದರೆ ಇದೇ ಮಾತುಕತೆಯಲ್ಲಿ ಇನ್ನೊಂದು ಸಂಗತಿಯೂ ಇದೆ: 110ನೇ ಪೋರ್ಟಿನಲ್ಲಿ ನಡೆಯುವ ಹಳೆಯ ರೂಪದಲ್ಲಿ 'ಪಾಸ್' ಎಂದ ಮೇಲೆ ಬರುವ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ತಂತಿಯುದ್ದಕ್ಕೂ ಹರಿಯುತ್ತದೆ. ದಾರಿಯಲ್ಲಿ ಕಿವಿಗೊಟ್ಟವರು ಯಾರಾದರೂ ಅದನ್ನು ಓದಬಹುದು. ಪರಸ್ಪರ ಪರಿಚಯವಿದ್ದ ವಿಶ್ವವಿದ್ಯಾಲಯಗಳ ಜಾಲದಲ್ಲಿ ಇದು ದೊಡ್ಡ ಚಿಂತೆಯಾಗಿರಲಿಲ್ಲ. ಬ್ಯಾಂಕಿನ ಪತ್ರವೂ ಆಸ್ಪತ್ರೆಯ ವರದಿಯೂ ಇಮೇಲ್‌ನಲ್ಲೇ ಬರುವ ಇಂದಿನ ದಿನಕ್ಕೆ ಅದು ಸಲ್ಲದು.

ಪಾಪ್‌ಗೆ ಜೊತೆಯಾಗಿ ನಿಂತದ್ದು ಐಮ್ಯಾಪ್. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ಕ್ರಮದಲ್ಲಿ ಪತ್ರದ ಮೂಲ ಸರ್ವರ್‌ನಲ್ಲೇ ಇರುತ್ತದೆ, ನಮ್ಮ ಕಂಪ್ಯೂಟರಿನಲ್ಲಿ ಕಾಣುವುದು ಅದರ ಪ್ರತಿಬಿಂಬ. ಫೋನಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲೂ ಓದಿದ್ದಾಗಿಯೇ ಕಾಣುತ್ತದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು, ಏಕೆಂದರೆ ಐಮ್ಯಾಪ್‌ನಲ್ಲಿ ಹೊಂದಿಸಿದ ಮಾತ್ರಕ್ಕೆ ಮನೆಯಲ್ಲಿ ಪ್ರತಿ ಇದ್ದಂತಾಗಲಿಲ್ಲ. ಪತ್ರ ತರುವುದು ಪಾಪ್ ಅಥವಾ ಐಮ್ಯಾಪ್ ಆದರೆ, ಕಳಿಸುವುದು ಎಸ್‌ಎಂಟಿಪಿ ಎಂಬ ಮೂರನೆಯ ಕ್ರಮ. 1982ರಲ್ಲಿ ಅದರ ನಿಯಮ ಬರೆದಾಗ ಕಳಿಸುವವರು ಯಾರೆಂದು ಕೇಳುವ ಏರ್ಪಾಡೇ ಇರಲಿಲ್ಲ. ಯಾರು ಬೇಕಾದರೂ ಯಾರ ಸರ್ವರ್ ಮೂಲಕ ಬೇಕಾದರೂ ಪತ್ರ ಕಳಿಸಬಹುದಿತ್ತು, ಸ್ಪ್ಯಾಮ್ ಕಳಿಸುವವರು ಅದನ್ನೇ ದುರುಪಯೋಗ ಮಾಡಿಕೊಂಡರು. 1998-99ರಲ್ಲಿ ಪತ್ರ ಒಪ್ಪಿಸಲೆಂದೇ 587 ಎಂಬ ಬೇರೆ ಪೋರ್ಟ್ ಬಂತು, ಕಳಿಸುವ ಮುನ್ನ ಗುರುತು ಹೇಳಬೇಕೆಂಬ ನಿಯಮ ಬಂತು. ಪತ್ರಗಳು ಬರುತ್ತಿವೆ, ಹೋಗುತ್ತಿಲ್ಲ ಎಂಬ ಬಲು ಸಾಮಾನ್ಯವಾದ ದೂರಿನ ಬೇರು ಇಲ್ಲಿದೆ: ತರುವವನೂ ಕಳಿಸುವವನೂ ಬೇರೆ ಬೇರೆ, ಇಬ್ಬರಿಗೂ ಬೇರೆ ಬೇರೆಯಾಗಿ ಗುರುತು ಹೇಳಬೇಕು.

ಇಷ್ಟು ತಿಳಿದವರಿಗೆ ಔಟ್‌ಲುಕ್ 2010ರ ಖಾತೆ ತೆರೆಯುವ ಫಾರಂ ಒಗಟಾಗಿ ಉಳಿಯುವುದಿಲ್ಲ. ಹೆಸರು ಮತ್ತು ಇಮೇಲ್ ವಿಳಾಸ ಕೊಟ್ಟರೆ ಎಲ್ಲವನ್ನೂ ತಾನೇ ಹೊಂದಿಸುತ್ತೇನೆ ಎನ್ನುವ ಆಯ್ಕೆಯನ್ನು ಬಿಟ್ಟು, ಕೈಯಾರೆ ಹೊಂದಿಸುವ ಆಯ್ಕೆಯನ್ನೇ ಹಿಡಿಯಬೇಕು. ಜಿಮೇಲ್ ಆದರೆ ಖಾತೆಯ ಬಗೆ ಐಮ್ಯಾಪ್. ಒಳಬರುವ ಸರ್ವರ್ 'ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್', ಹೊರಹೋಗುವ ಸರ್ವರ್ 'ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್'. ಬಳಕೆದಾರರ ಹೆಸರಿನ ಖಾನೆಯಲ್ಲಿ ಪೂರ್ತಿ ಇಮೇಲ್ ವಿಳಾಸವನ್ನೇ ಬರೆಯಬೇಕು. ತಂತ್ರಾಂಶ ತಾನಾಗಿ ತುಂಬುವ ಅರ್ಧ ಹೆಸರು ಸಾಲದು. ಆಮೇಲೆ 'ಮೋರ್ ಸೆಟ್ಟಿಂಗ್ಸ್' ಒತ್ತಿ, 'ಔಟ್‌ಗೋಯಿಂಗ್ ಸರ್ವರ್' ಹಾಳೆಯಲ್ಲಿ ಕಳಿಸುವ ಸರ್ವರ್‌ಗೂ ಗುರುತು ಬೇಕು ಎಂಬ ಸಾಲಿಗೆ ಗುರುತು ಹಾಕಬೇಕು. ಹಿಂದೆ ಹೇಳಿದ ದೂರಿಗೆ ಪರಿಹಾರ ಈ ಒಂದು ಗುರುತಿನಲ್ಲಿದೆ. 'ಅಡ್ವಾನ್ಸ್‌ಡ್' ಹಾಳೆಯಲ್ಲಿ ಒಳಬರುವುದಕ್ಕೆ 993, ಎನ್‌ಕ್ರಿಪ್ಷನ್ ಎಸ್‌ಎಸ್‌ಎಲ್. ಹೊರಹೋಗುವುದಕ್ಕೆ 465 ಆದರೆ ಎಸ್‌ಎಸ್‌ಎಲ್, 587 ಆದರೆ ಟಿಎಲ್‌ಎಸ್. ಪಾಪ್ ಹಿಡಿದವರಿಗೆ 993ರ ಬದಲು 995. ಪಾಪ್‌ನವರು ಇದೇ ಹಾಳೆಯ ಕೆಳತುದಿಯಲ್ಲಿ, ಪತ್ರದ ಪ್ರತಿಯನ್ನು ಸರ್ವರ್‌ನಲ್ಲಿ ಬಿಡಬೇಕೇ, ಬಿಟ್ಟರೆ ಎಷ್ಟು ದಿನ ಎಂದು ಕೇಳುವ ಸಾಲುಗಳನ್ನು ಓದದೆ ಮುಂದೆ ಹೋಗಬಾರದು. ದಿನಗಳ ಮಿತಿ ಅಲ್ಲಿ ಮೊದಲೇ ಗುರುತಾಗಿರಬಹುದು. ಬೇರೆ ಸಾಧನಗಳಲ್ಲೂ ಪತ್ರ ಓದುವವರಿಗೆ ಆ ಗುರುತು ತೆಗೆಯುವುದೇ ಕ್ಷೇಮ. ಕೊನೆಗೆ ಪರೀಕ್ಷೆಯ ಗುಂಡಿ ಒತ್ತಿದರೆ ಎರಡು ಸಾಲು ಕಾಣುತ್ತವೆ: ಒಳಬರುವ ಸರ್ವರ್ ಪ್ರವೇಶಿಸುವುದು ಒಂದು, ಪರೀಕ್ಷಾ ಪತ್ರ ಕಳಿಸುವುದು ಇನ್ನೊಂದು. ಯಾವ ಸಾಲಿನಲ್ಲಿ ಕೆಂಪು ಗುರುತು ಬಿತ್ತೋ ತೊಂದರೆ ಆ ಬದಿಯದು. ಎರಡನ್ನೂ ಕೆದಕಬೇಕಾಗಿಲ್ಲ.

ಇವೆಲ್ಲ ಸರಿಯಿದ್ದೂ ಮೊದಲು ಹೇಳಿದ ಚೌಕ ಮರಳಿ ಬಂದರೆ ಕಾರಣ ಕೀಲಿ. ಗೂಗಲ್ 2022ರ ಮೇ 30ರಿಂದ ಖಾಸಗಿ ಖಾತೆಗಳಿಗೆ ಬರಿಯ ಹೆಸರು-ಪಾಸ್‌ವರ್ಡ್ ಕೊಟ್ಟು ಬರುವ ತಂತ್ರಾಂಶಗಳನ್ನು ಒಳಗೆ ಬಿಡುವುದು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಮತ್ತು ಹಾಟ್‌ಮೇಲ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಅದನ್ನೇ ಮಾಡಿತು. ಈಗ ಅವು ಕೇಳುವುದು ಓಆತ್ ಎಂಬ ಕ್ರಮ. ತಂತ್ರಾಂಶ ನಮ್ಮಿಂದ ಪಾಸ್‌ವರ್ಡ್ ಕೇಳುವುದೇ ಇಲ್ಲ. ಗೂಗಲ್‌ನದೇ ಪುಟ ತೆರೆದು ಅಲ್ಲಿ ಪ್ರವೇಶಿಸಲು ಹೇಳುತ್ತದೆ. ನಾವು ಒಪ್ಪಿಗೆ ಕೊಟ್ಟ ಮೇಲೆ ಗೂಗಲ್ ಆ ತಂತ್ರಾಂಶಕ್ಕೆ ಪತ್ರದ ಕೆಲಸಕ್ಕೆ ಮಾತ್ರ ಸಲ್ಲುವ ಪರವಾನಗಿಯೊಂದನ್ನು ಕೊಡುತ್ತದೆ. ಹಿತ್ತಿಲ ಬಾಗಿಲಿನ ಕೀಲಿ ಕೆಲಸದವರಿಗೆ ಕೊಟ್ಟು ಬೀರುವಿನ ಕೀಲಿಯನ್ನು ನಮ್ಮ ಸೊಂಟದಲ್ಲೇ ಇಟ್ಟುಕೊಂಡಂತೆ. ಈ ಓಆತ್‌ನ ಈಗಿನ ರೂಪ ಪ್ರಕಟವಾದದ್ದು 2012ರ ಅಕ್ಟೋಬರಿನಲ್ಲಿ. ಔಟ್‌ಲುಕ್ 2010 ಅದಕ್ಕೂ ಎರಡು ವರ್ಷ ಮೊದಲೇ ಹುಟ್ಟಿದ್ದು. ಇನ್ನೂ ಇಲ್ಲದ ಭಾಷೆಯನ್ನು ಅದು ಕಲಿತಿರಲು ಸಾಧ್ಯವಿರಲಿಲ್ಲ. ಜಿಮೇಲ್‌ನಲ್ಲಿ ಇಂಥವರಿಗೆ ಒಂದು ದಾರಿ ಉಳಿದಿದೆ: ಖಾತೆಗೆ ಎರಡು ಹಂತದ ದೃಢೀಕರಣ ಚಾಲೂ ಮಾಡಿ, ಹದಿನಾರು ಅಕ್ಷರಗಳ 'ಆ್ಯಪ್ ಪಾಸ್‌ವರ್ಡ್' ಪಡೆದು, ತಂತ್ರಾಂಶದ ಖಾನೆಯಲ್ಲಿ ಅದನ್ನು ಹಾಕುವುದು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಈ ಹದಿನಾರು ಅಕ್ಷರಗಳೂ ರದ್ದಾಗುತ್ತವೆ, ಹೊಸದನ್ನು ಪಡೆಯಬೇಕಾಗುತ್ತದೆ. ಔಟ್‌ಲುಕ್ ಡಾಟ್ ಕಾಮ್ ಖಾತೆಗೆ ಈ ದಾರಿ ಇಲ್ಲ. ಅಲ್ಲಿ ಓಆತ್ ಬಲ್ಲ ತಂತ್ರಾಂಶವೇ ಬೇಕು.

ಕೀಲಿಯ ಜೊತೆಗೆ ಬೀಗವೂ ಬದಲಾಗಿದೆ ಎಂಬುದನ್ನು ಮರೆಯಬಾರದು. ಪತ್ರ ಸಾಗುವ ದಾರಿಗೆ ಮರೆ ಕಟ್ಟುವ ಟಿಎಲ್‌ಎಸ್‌ನ ಮೊದಲ ಎರಡು ಆವೃತ್ತಿಗಳನ್ನು 2021ರ ಮಾರ್ಚಿನಲ್ಲಿ ಇಂಟರ್ನೆಟ್‌ನ ನಿಯಮ ರೂಪಿಸುವವರು ಅಧಿಕೃತವಾಗಿ ಕೈಬಿಟ್ಟರು, ಅನೇಕ ಸರ್ವರ್‌ಗಳು ಈಗ 1.2 ಇಲ್ಲವೇ ಅದಕ್ಕೂ ಹೊಸದನ್ನೇ ಕೇಳುತ್ತವೆ. ವಿಂಡೋಸ್ ಎಕ್ಸ್‌ಪಿಯ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಅದು ಗೊತ್ತಿಲ್ಲ. ವಿಂಡೋಸ್ 7ಕ್ಕೆ ಗೊತ್ತಿದ್ದರೂ ಹಲವು ಕಂಪ್ಯೂಟರುಗಳಲ್ಲಿ ಅದು ತಾನಾಗಿ ಚಾಲೂ ಆಗಿರುವುದಿಲ್ಲ. ಸರ್ವರ್ ತಾನು ಅಸಲಿ ಎಂದು ತೋರಿಸುವ ಪ್ರಮಾಣಪತ್ರಗಳಿಗೂ ಅವಧಿ ಇದೆ. 2021ರ ಸೆಪ್ಟೆಂಬರ್ 30ರಂದು ಬಹಳ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದು, ಅಪ್‌ಡೇಟ್ ಕಾಣದ ಎಷ್ಟೋ ಹಳೆಯ ಯಂತ್ರಗಳು ನಿನ್ನೆಯವರೆಗೆ ನಂಬುತ್ತಿದ್ದ ಸರ್ವರ್‌ಗಳನ್ನು ಮರುದಿನ ನಂಬದಾದವು. ಪಾಸ್‌ವರ್ಡ್ ಸರಿಯಿದ್ದೂ ಸಂಪರ್ಕವೇ ಆಗದಿದ್ದರೆ ಈ ಕಡೆ ಕಣ್ಣು ಹಾಯಿಸಬೇಕು. ಕಂಪ್ಯೂಟರಿನ ದಿನಾಂಕ ಹಿಂದೆ ಬಿದ್ದಿದೆಯೇ ಎಂದೂ ಒಮ್ಮೆ ನೋಡಬೇಕು.

ಇದೆಲ್ಲ ದೊಡ್ಡ ಕಂಪನಿಗಳು ನಮ್ಮನ್ನು ತಮ್ಮ ಹೊಸ ಸರಕಿಗೆ ಒಗ್ಗಿಸಲು ಹೂಡಿದ ಉಪಾಯ ಎಂಬ ಆಕ್ಷೇಪ ಇದೆ. ಅದನ್ನು ತಳ್ಳಿಹಾಕಲಾರೆ, ಕಂಪನಿಗಳಿಗೆ ಇದರಿಂದ ಲಾಭವಿರುವುದು ನಿಜ. ಆದರೂ ಕಾರಣ ಗಟ್ಟಿಯಾಗಿದೆ. ಎರಡು ಹಂತದ ದೃಢೀಕರಣವನ್ನು ಬ್ರೌಸರಿಗೆ ಹಾಕಿ, ಐಮ್ಯಾಪ್‌ಗೆ ಬರಿಯ ಪಾಸ್‌ವರ್ಡ್ ಸಾಕು ಎಂದು ಬಿಟ್ಟರೆ, ಮುಂಬಾಗಿಲಿಗೆ ಎರಡು ಬೀಗ ಜಡಿದು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕದೆ ಮಲಗಿದಂತೆ. ಕದ್ದ ಪಾಸ್‌ವರ್ಡ್ ಹಿಡಿದವರು ಹಿತ್ತಿಲಿನಿಂದಲೇ ಬರುತ್ತಾರೆ. ಇಮೇಲ್ ಕೈತಪ್ಪಿದರೆ ಅದಕ್ಕೆ ಜೋಡಿಸಿದ ಬೇರೆ ಖಾತೆಗಳ ಪಾಸ್‌ವರ್ಡ್‌ಗಳನ್ನೂ ಅಲ್ಲಿಂದಲೇ ಬದಲಾಯಿಸಬಹುದು. ನಷ್ಟ ಒಂದು ಅಂಚೆಪೆಟ್ಟಿಗೆಗೆ ನಿಲ್ಲುವುದಿಲ್ಲ. ಹಾಗಾದರೆ ಆ್ಯಪ್ ಪಾಸ್‌ವರ್ಡ್ ಕೂಡ ಪಾಸ್‌ವರ್ಡೇ ತಾನೆ, ಅದರಿಂದ ಏನು ಹೆಚ್ಚಾಯಿತು ಎಂದು ಕೇಳುವವರ ಪ್ರಶ್ನೆಯೂ ಸರಿಯೇ. ಅದು ಓಆತ್‌ನಷ್ಟು ಗಟ್ಟಿಯಲ್ಲ. ಆದರೆ ಅದನ್ನು ಯಾರೂ ಊಹಿಸಲಾರರು, ಬೇರೆಲ್ಲೂ ಬಳಸಿರುವುದಿಲ್ಲ, ಆ ಒಂದು ಕಂಪ್ಯೂಟರ್ ಕಳೆದುಹೋದರೆ ಅದೊಂದನ್ನೇ ರದ್ದುಮಾಡಿ ಉಳಿದದ್ದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಮಗಳ ಹುಟ್ಟಿದ ದಿನವನ್ನೇ ಹತ್ತು ಕಡೆ ಪಾಸ್‌ವರ್ಡ್ ಮಾಡಿಕೊಂಡಿರುವ ವಾಡಿಕೆಗಿಂತ ಇದು ಎಷ್ಟೋ ಮೇಲು.

ಇಷ್ಟೆಲ್ಲ ತಾಪತ್ರಯ ಏಕೆ, ಫೋನಿನಲ್ಲಿ ಪತ್ರ ಕಾಣುತ್ತದಲ್ಲ ಎಂಬುದು ಇನ್ನೂ ಬಲವಾದ ಆಕ್ಷೇಪ. ದಿನದ ಓದಿಗೆ ಫೋನು ಸಾಕು, ಒಪ್ಪುತ್ತೇನೆ. ಪತ್ರಗಳ ಉಳಿವಿನ ಪ್ರಶ್ನೆ ಬೇರೆ. ಎರಡು ವರ್ಷ ಬಳಸದ ಖಾಸಗಿ ಖಾತೆಗಳನ್ನು ಅವುಗಳಲ್ಲಿರುವ ಎಲ್ಲದರ ಜೊತೆಗೆ ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮನೆಯ ಹಿರಿಯರೊಬ್ಬರು ತೀರಿಕೊಂಡು, ಅವರ ಖಾತೆಯ ಕೀಲಿ ಯಾರಿಗೂ ಗೊತ್ತಿಲ್ಲದಿದ್ದರೆ, ಎರಡು ವರ್ಷದ ನಂತರ ಅವರ ಪತ್ರಗಳೇ ಇಲ್ಲವಾಗಬಹುದು. ಜಿಮೇಲ್‌ನ ಉಚಿತ 15 ಜಿಬಿ ಜಾಗ ಫೋಟೊ ಮತ್ತು ಡ್ರೈವ್‌ಗಳಿಗೂ ಸೇರಿದ್ದು. ಫೋಟೊಗಳಿಂದ ಅದು ತುಂಬಿದರೆ ಪತ್ರ ಬರುವುದೂ ನಿಲ್ಲುತ್ತದೆ. ಹತ್ತು ವರ್ಷದ ಹಿಂದಿನ ಜಮೀನಿನ ವ್ಯವಹಾರದ ಪತ್ರ, ವಿಮೆಯ ರಸೀದಿ, ಹೊರದೇಶಕ್ಕೆ ಹೋದ ಮಗ ಮೊದಲ ವಾರದಲ್ಲಿ ಬರೆದ ಉದ್ದನೆಯ ಕಾಗದ, ಇವೆಲ್ಲ ಇನ್ನೊಬ್ಬರ ಉಗ್ರಾಣದಲ್ಲಿ ಇನ್ನೊಬ್ಬರ ನಿಯಮದಂತೆ ಮಾತ್ರ ಉಳಿದಿವೆ ಎಂದರೆ ಅವು ನಮ್ಮವು ಎಂದು ಹೇಳುವುದು ಕಷ್ಟ. ಡೆಸ್ಕ್‌ಟಾಪ್ ತಂತ್ರಾಂಶ ಇದ್ದ ಮಾತ್ರಕ್ಕೂ ಪತ್ರ ಮನೆಯಲ್ಲಿದೆ ಎಂದು ತಿಳಿಯಬಾರದು. ಮೈಕ್ರೋಸಾಫ್ಟ್‌ನ ಹೊಸ ಔಟ್‌ಲುಕ್‌ಗೆ ಜಿಮೇಲ್ ಸೇರಿಸಿದರೆ, ಆ ಪತ್ರಗಳ ಪ್ರತಿ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೂ ಹೋಗುತ್ತದೆಂದು ಅದೇ ಹೇಳುತ್ತದೆ. ಹೆಸರು ಹಳೆಯದು, ಕ್ರಮ ಬೇರೆ.

ಹಾಗೆಂದು ಪದ್ಧತಿ ಉಳಿಸಲು ಹಳೆಯ ತಂತ್ರಾಂಶವನ್ನೇ ಹಿಡಿದು ಕೂರುವುದೂ ಸರಿಯಲ್ಲ. ಇಷ್ಟು ವರ್ಷ ನಡೆದಿದೆ, ಇನ್ನೂ ನಡೆಯುತ್ತದೆ ಎನ್ನುವವರು ಒಂದು ಸಂಗತಿ ಗಮನಿಸಬೇಕು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಆಸರೆ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ ಲೈವ್ ಮೇಲ್‌ಗೆ 2017ರ ಜನವರಿಯಲ್ಲಿ, ಔಟ್‌ಲುಕ್ 2010ಕ್ಕೆ 2020ರ ಅಕ್ಟೋಬರಿನಲ್ಲಿ, 2016 ಮತ್ತು 2019ಕ್ಕೆ 2025ರ ಅಕ್ಟೋಬರಿನಲ್ಲಿ. ಆಮೇಲೆ ಕಂಡ ದೋಷಗಳನ್ನು ಮುಚ್ಚುವ ಖಾತ್ರಿ ಯಾರದೂ ಇಲ್ಲ. ಇಮೇಲ್ ತಂತ್ರಾಂಶವೆಂದರೆ ಅಪರಿಚಿತರು ಕಳಿಸಿದ್ದನ್ನು ಮನೆಯೊಳಗೆ ತೆರೆಯುವ ತಂತ್ರಾಂಶ. ದುರಸ್ತಿಯಿಲ್ಲದ ಬಾಗಿಲು ಅಲ್ಲೇ ಹೆಚ್ಚು ಅಪಾಯ. ಔಟ್‌ಲುಕ್ 2010ಕ್ಕೆ ಆ್ಯಪ್ ಪಾಸ್‌ವರ್ಡ್ ಹಾಕಿ ಬಾಗಿಲು ತೆರೆಯುವುದನ್ನು ನಾನು ಹಳೆಯ ಪತ್ರಗಳನ್ನು ಹೊರತರುವ ದಾರಿ ಎಂದು ಸೂಚಿಸುತ್ತೇನೆ, ಇನ್ನು ಹತ್ತು ವರ್ಷ ಅಲ್ಲೇ ಇರುವ ದಾರಿ ಎಂದಲ್ಲ. 2004ರಲ್ಲಿ ಮೊದಲ ಆವೃತ್ತಿ ಕಂಡು ಇಂದಿಗೂ ಹೊಸದಾಗುತ್ತಿರುವ ಥಂಡರ್‌ಬರ್ಡ್ ಉಚಿತ, ಓಆತ್ ಬಲ್ಲದು, ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಔಟ್‌ಲುಕ್‌ನ ಹಳೆಯ ಫೋಲ್ಡರಿನ ಪತ್ರಗಳನ್ನು ಅದೇ ತಂತ್ರಾಂಶದಲ್ಲಿ ಹೊಂದಿಸಿದ ಐಮ್ಯಾಪ್ ಖಾತೆಯೊಳಗೆ ಎಳೆದು ಹಾಕಿದರೆ ಅವು ಸರ್ವರ್‌ಗೆ ಏರುತ್ತವೆ. ಥಂಡರ್‌ಬರ್ಡ್‌ನಲ್ಲಿ ಅದೇ ಖಾತೆ ತೆರೆದು 'ಲೋಕಲ್ ಫೋಲ್ಡರ್ಸ್' ಎಂಬಲ್ಲಿಗೆ ಅವುಗಳ ಪ್ರತಿ ಮಾಡಿದರೆ ಮತ್ತೆ ಮನೆಗೆ ಇಳಿಯುತ್ತವೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಿಂದ ಪತ್ರಗಳನ್ನು ಎಳೆದು ವಿಂಡೋಸ್‌ನ ಫೋಲ್ಡರಿನಲ್ಲಿ ಬಿಟ್ಟರೆ ಒಂದೊಂದೂ ಬೇರೆ ಇಎಂಎಲ್ ಕಡತವಾಗುತ್ತದೆ, ಅದನ್ನು ಇಂದಿನ ತಂತ್ರಾಂಶಗಳೂ ಓದುತ್ತವೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬರಹ, ನುಡಿಯಂಥ ತಂತ್ರಾಂಶಗಳ ಫಾಂಟ್‌ಗಳಲ್ಲಿ ಬರೆದು ಕಳಿಸಿದ ಪತ್ರಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಆಗಿದ್ದವು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಷ್ಟೇ ಕನ್ನಡವಾಗಿ ಕಾಣುತ್ತಿದ್ದವು. ಹೊಸ ತಂತ್ರಾಂಶಕ್ಕೆ ಅವು ಹಾಗೆಯೇ ಬಂದರೆ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತವೆ. ಹಾಳಾಗಿವೆ ಎಂದು ಅಳಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ. ಪತ್ರದ ಪಠ್ಯವನ್ನು ಅವಕ್ಕೆ ಕೊಟ್ಟರೆ ಅಕ್ಷರಗಳು ಮರಳಿ ಕನ್ನಡವಾಗುತ್ತವೆ. ಹಳೆಯ ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತಿರುವಾಗಲೇ, ಆ ಫಾಂಟ್ ಅದರಲ್ಲಿ ಇರುವಾಗಲೇ, ಎರಡನ್ನೂ ಪಕ್ಕಪಕ್ಕ ಇಟ್ಟು ಸರಿನೋಡಿಕೊಂಡು ಈ ಕೆಲಸ ಮುಗಿಸುವುದು ಒಳ್ಳೆಯದು.

ಆದ್ದರಿಂದ ಕೆಲಸದ ಕ್ರಮ ಮುಖ್ಯ. ಮೊದಲು ಹಳೆಯ ತಂತ್ರಾಂಶದ ಪತ್ರಗಳ ಕಡತವನ್ನು ಹಾಗೆಯೇ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಬೇಕು. ಆಮೇಲೆ ಕೀಲಿ ಬದಲಾಯಿಸಿ ಬಾಗಿಲು ತೆರೆಯಬೇಕು, ಪತ್ರಗಳನ್ನು ಹೊಸ ತಂತ್ರಾಂಶಕ್ಕೆ ಸಾಗಿಸಬೇಕು, ಎಣಿಸಿ ನೋಡಬೇಕು, ಹತ್ತಿಪ್ಪತ್ತನ್ನು ತೆರೆದು ಓದಬೇಕು. ಅದಾದ ಮೇಲೆಯೇ ಹಳೆಯದಕ್ಕೆ ವಿದಾಯ. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ: ಕಂಪ್ಯೂಟರ್ ಗುಜರಿಗೆ ಹೋದ ಮೇಲೆ ಪತ್ರಗಳ ನೆನಪಾಗುತ್ತದೆ. ಹಿಂದೆ ಕಾಗದಗಳನ್ನು ಗೋಡೆಯ ತಂತಿಗೆ ಚುಚ್ಚಿ ಇಡುತ್ತಿದ್ದವರಿಗೆ ಅದು ತುಂಬಿದಾಗ ಬಿಡಿಸಿ, ದಾರದಿಂದ ಕಟ್ಟಿ, ಟ್ರಂಕಿನಲ್ಲಿ ಇಡಬೇಕೆಂಬುದು ತಿಳಿದಿತ್ತು. ತಂತಿ ತುಕ್ಕು ಹಿಡಿದರೆ ಹೊಸ ತಂತಿ ಹಾಕುತ್ತಿದ್ದರು, ಕಟ್ಟಿಟ್ಟ ಕಾಗದ ಟ್ರಂಕಿನಲ್ಲೇ ಇರುತ್ತಿತ್ತು. ಪಾಸ್‌ವರ್ಡ್ ಕೇಳಿ ಮತ್ತೆ ಮತ್ತೆ ಬರುವ ಆ ಚೌಕವೂ ತಂತಿ ತುಕ್ಕು ಹಿಡಿದಿದೆ ಎಂದಷ್ಟೇ ಹೇಳುತ್ತಿದೆ. ಅದನ್ನು ಮುಚ್ಚಿ ಎದ್ದುಹೋಗುವ ಮುನ್ನ ಒಳಗಿನ ಕಾಗದಗಳನ್ನು ಬಿಡಿಸಿ ಕಟ್ಟಿಡೋಣ.